ಬಸುರಿಯ ಭಯಕ್ಕೆ ಕಿವಿಗೊಡುವವರಾರು?

ಸೊಸೆಯೋ ಮಗಳೋ ಬಸುರಿಯೆಂಬ ಶುಭಸುದ್ದಿ ತಿಳಿದ ಗಳಿಗೆಯಿಂದ ಆ ಮನೆಯಲ್ಲಿ ಅತಿ ಹೆಚ್ಚಾಗಿ ಕೇಳಿಬರುವ ಪದ ಯಾವುದೆಂದು ಎಂದಾದರೂ ಗಮನಿಸಿದ್ದೀರಾ? ಅದು 'ಬೇಡ' ಎಂಬ ಪದ. ಪರಂಗಿ ಹಣ್ಣು ಬೇಡ, ಅನಾನಸ್ ಬೇಡ, ಎಳ್ಳು ಬೇಡ, ಭಾರ ಎತ್ತುವುದು ಬೇಡ, ಹೊತ್ತು ಮುಳುಗಿದ ಮೇಲೆ ಹೊರಗೆ ಕಾಲಿಡುವುದು ಬೇಡ. ಭಾನುವಾರ ತಪ್ಪದೆ ಬಲಿಪೂಜೆಗೆ ಬರುವ ನಮ್ಮ ಕುಟುಂಬಗಳಲ್ಲೂ ಗ್ರಹಣದ ದಿನ ಬಸುರಿಯನ್ನು ಕೋಣೆಯೊಳಗೆ ಕೂರಿಸಿ ಕಿಟಕಿ ಮುಚ್ಚುವವರಿದ್ದಾರೆ. ಇದಕ್ಕೆ ಯಾರೂ ಬೇಸರಿಸಬೇಕಿಲ್ಲ. ಅಕ್ಕಪಕ್ಕದ ಮನೆಗಳ ರೂಢಿ ನಮ್ಮ ಹೊಸ್ತಿಲನ್ನೂ ದಾಟಿ ಬಂದಿದೆ, ಅಷ್ಟೆ. ತಲೆನೋವೆಂದರೆ ಒಂದು ಮಾತ್ರೆ ನುಂಗಲೂ ಬಿಡದೆ, 'ಹೊಟ್ಟೆಯಲ್ಲಿರುವುದಕ್ಕೆ ತೊಂದರೆಯಾದೀತು, ತಡೆದುಕೋ ಮಗಳೇ' ಎನ್ನುತ್ತೇವೆ. ಆಕೆಯೂ ತಡೆದುಕೊಳ್ಳುತ್ತಾಳೆ.

ಹೀಗೆ ದಿನಕ್ಕೆ ಹತ್ತು ಬಾರಿ 'ಬೇಡ'ವನ್ನು ಕಲಿಸಿದ ಮೇಲೆ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು, 'ನಾಳೆ ಚುಚ್ಚುಮದ್ದು ಇದೆ, ತಾಯಿ ಕಾರ್ಡ್ ತೆಗೆದುಕೊಂಡು ಬನ್ನಿ' ಎನ್ನುತ್ತಾರೆ. ಆಗ ಅದೇ ಹೆಣ್ಣುಮಗಳು 'ಬೇಡ' ಎಂದರೆ ನಾವು ಅವಳನ್ನು ತಿಳಿವಳಿಕೆಯಿಲ್ಲದವಳು ಎಂದುಬಿಡುತ್ತೇವೆ. ಇದು ನ್ಯಾಯವೇ? ನಾವೇ ಕಲಿಸಿದ ಪಾಠವನ್ನು ಆಕೆ ನಮಗೆ ಒಪ್ಪಿಸುತ್ತಿದ್ದಾಳೆ. ಆ 'ಬೇಡ'ದ ಹಿಂದಿರುವುದು ಹಟವಲ್ಲ, ಮಗುವಿನ ಮೇಲಿನ ಕಾಳಜಿ. ಲಸಿಕೆಯ ಪರವಾಗಿ ಮಾತನಾಡಬಯಸುವವರು ಮೊದಲು ಆ ಕಾಳಜಿಗೆ ತಲೆಬಾಗಬೇಕು ಎಂಬುದು ನನ್ನ ಅಭಿಪ್ರಾಯ.

ನಾನಿರುವ ಚಂದ್ರಾ ಲೇಔಟಿನ ವಿಷಯ ಹೇಳುತ್ತೇನೆ. ಒಂದು ಕಡೆ ವಿಜಯನಗರ, ಮತ್ತೊಂದು ಕಡೆ ನಾಗರಭಾವಿ, ನಾಯಂಡಹಳ್ಳಿಯತ್ತ ಹೋದರೆ ಮೈಸೂರು ರಸ್ತೆ. ಈ ಬಡಾವಣೆಯಲ್ಲಿಯೂ ಇದರ ಸುತ್ತಮುತ್ತಲೂ ಎಲ್ಲ ಬಗೆಯ ಮನೆಗಳಿವೆ. ಅಪಾರ್ಟ್‌ಮೆಂಟುಗಳಲ್ಲಿ ಕಂಪ್ಯೂಟರ್ ಕೆಲಸದ ದಂಪತಿಗಳು, ವಠಾರಗಳಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು. ಕಿರು ಕ್ರೈಸ್ತ ಸಮುದಾಯದ ಕೂಟಗಳಿಗಾಗಿ ಎರಡೂ ಬಗೆಯ ಮನೆಗಳಿಗೆ ಹೋಗಿಬರುವ ನನಗೆ, ಓದು ಹೆಚ್ಚಿದ್ದಲ್ಲಿ ಭಯ ಕಡಿಮೆ ಎಂಬ ಮಾತು ಅಷ್ಟೇನೂ ನಿಜವೆನಿಸಿಲ್ಲ. ವಠಾರದ ಹುಡುಗಿ ಆಶಾ ಅಕ್ಕ ಕರೆದರೆ ಹೋಗಿ ಚುಚ್ಚಿಸಿಕೊಂಡು ಬರುತ್ತಾಳೆ. ಅಪಾರ್ಟ್‌ಮೆಂಟಿನವಳು ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕಿ ಓದಿ, ಬೆಳಗಾಗುವಷ್ಟರಲ್ಲಿ ಇನ್ನಷ್ಟು ಹೆದರಿಕೊಂಡಿರುತ್ತಾಳೆ. ಒಬ್ಬಳಿಗೆ ನಂಬಲು ಒಂದು ಮುಖವಿದೆ. ಇನ್ನೊಬ್ಬಳ ಮುಂದೆ ಸಾವಿರ ಬರಹಗಳಿವೆ, ಮುಖವಿಲ್ಲ.

ಈ ಭಯಕ್ಕೆ ಕಾರಣವೇ ಇಲ್ಲವೆಂದು ಹೇಳುವಂತಿಲ್ಲ. 1957ರಲ್ಲಿ ಅಂದಿನ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ಮಾತ್ರೆ ಮಾರುಕಟ್ಟೆಗೆ ಬಂದಿತು. ಬಸುರಿಯರ ವಾಕರಿಕೆಗೂ ನಿದ್ರಾಹೀನತೆಗೂ ಒಳ್ಳೆಯದೆಂದು ಹಲವು ದೇಶಗಳಲ್ಲಿ ಕೊಟ್ಟರು. 1961ರ ಕೊನೆಗೆ ಅಲ್ಲಿ ಅದನ್ನು ಹಿಂತೆಗೆದುಕೊಳ್ಳುವಷ್ಟರಲ್ಲಿ ಸಾವಿರಾರು ಶಿಶುಗಳು ಕೈಕಾಲುಗಳು ಸರಿಯಾಗಿ ಬೆಳೆಯದೆ ಹುಟ್ಟಿದ್ದವು. ಆ ದುರಂತದ ಬಳಿಕ ವೈದ್ಯಲೋಕ ಬಹಳ ಎಚ್ಚರಗೊಂಡಿತು. ಹೊಸ ಔಷಧಗಳ ಪ್ರಯೋಗಗಳಿಂದ ಗರ್ಭಿಣಿಯರನ್ನು ಹೊರಗಿಡುವುದು ರೂಢಿಯಾಯಿತು. ಉದ್ದೇಶ ಒಳ್ಳೆಯದೇ. ಆದರೆ ಪ್ರಯೋಗದಿಂದ ಹೊರಗುಳಿದವಳಿಗೆ, ಮದ್ದು ಬೇಕಾದ ದಿನ, 'ನಿನ್ನ ವಿಷಯದಲ್ಲಿ ನಮಗೆ ಗೊತ್ತಿಲ್ಲ' ಎಂಬ ಉತ್ತರವೇ ಸಿಗುತ್ತದೆ.

2021ರಲ್ಲಿ ನಡೆದದ್ದು ಇದೇ. ಜನವರಿ 16ರಂದು ದೇಶದಲ್ಲಿ ಕೊರೋನಾ ಲಸಿಕೆ ಆರಂಭವಾದಾಗ ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಪಟ್ಟಿಯಲ್ಲಿರಲಿಲ್ಲ. ಪ್ರಯೋಗಗಳಲ್ಲಿ ಅವರನ್ನು ಸೇರಿಸಿರಲಿಲ್ಲವೆಂಬುದೇ ಕಾರಣ. ಹಾಲೂಡಿಸುವವರಿಗೆ ಮೇ 19ರಂದು ಅನುಮತಿ ಬಂದಿತು. ಗರ್ಭಿಣಿಯರಿಗೆ ಜುಲೈ 2ರಂದು. ಈ ದಿನಾಂಕಗಳ ನಡುವೆ ಏನಿತ್ತೆಂಬುದನ್ನು ಬೆಂಗಳೂರಿನವರಿಗೆ ನೆನಪಿಸಬೇಕಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳುಗಳು. ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಅಲೆದಾಟ. ಚಿತಾಗಾರಗಳ ಮುಂದೆ ಆಂಬ್ಯುಲೆನ್ಸ್‌ಗಳ ಸಾಲು. ನಮ್ಮ ಹಿಂದಿನ ಅಡ್ಡರಸ್ತೆಯಲ್ಲಿ ಏಳು ತಿಂಗಳು ತುಂಬಿದ್ದ ಹೆಣ್ಣುಮಗಳೊಬ್ಬಳು ಆ ಮೇ ತಿಂಗಳಲ್ಲಿ ತೀರಿಕೊಂಡಳು. ಸೀಮಂತಕ್ಕೆಂದು ತಂದಿಟ್ಟ ಹಸಿರು ಸೀರೆ ಬೀರುವಿನಲ್ಲಿಯೇ ಉಳಿಯಿತು. ಆಕೆ ಲಸಿಕೆಯನ್ನು ಬೇಡವೆಂದವಳಲ್ಲ, ಆಕೆಗೆ ಅದನ್ನು ಕೊಡುವಂತಿರಲಿಲ್ಲ. ಆ ಮನೆಯವರಿಗೆ ಯಾರು ಏನು ಹೇಳಬೇಕಿತ್ತು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅದೇ ವರ್ಷದ ಜೂನ್‌ನಲ್ಲಿ ಒಂದು ಅಧ್ಯಯನದ ಫಲಿತಾಂಶ ತಿಳಿಸಿತು. ಸೋಂಕು ತಗಲಿದ 1,530 ಗರ್ಭಿಣಿ ಮತ್ತು ಬಾಣಂತಿಯರ ಲೆಕ್ಕ ಅದು. ಮೊದಲ ಅಲೆಯಲ್ಲಿ ಅವರಲ್ಲಿ ಶೇ. 14.2ರಷ್ಟು ಮಂದಿಗೆ ಮಾತ್ರ ರೋಗಲಕ್ಷಣ ಕಾಣಿಸಿಕೊಂಡಿದ್ದರೆ ಎರಡನೆಯ ಅಲೆಯಲ್ಲಿ ಶೇ. 28.7 ಮಂದಿಗೆ. ಸಾವಿನ ಪ್ರಮಾಣ ಶೇ. 0.7ರಿಂದ ಶೇ. 5.7ಕ್ಕೆ ಏರಿತ್ತು. ಹಾಗಾಗಿ ಜುಲೈನಲ್ಲಿ ಬಾಗಿಲು ತೆರೆದಾಗ ತಾಯಂದಿರು ಓಡಿಬಂದರೇ? ಇಲ್ಲ. ಆರು ತಿಂಗಳ ಕಾಲ 'ನಿಮಗಲ್ಲ' ಎಂದವರೇ ಒಂದು ಬೆಳಗ್ಗೆ 'ನಿಮಗೇ ಮುಖ್ಯ' ಎಂದರೆ ನಂಬುವುದು ಹೇಗೆ? ಅವರು ಹಿಂಜರಿದರು. ನಾನಾಗಿದ್ದರೂ ಹಿಂಜರಿಯುತ್ತಿದ್ದೆನೋ ಏನೋ.

ಹಾಲೂಡಿಸುವವರ ಕಥೆ ಬೇರೆ. ಅವರು ಲಸಿಕೆ ಹಾಕಿಸಿಕೊಂಡರು, ಆದರೆ ಹಾಲು ನಿಲ್ಲಿಸಿದರು. 'ಮದ್ದು ಹಾಲಿಗೆ ಇಳಿಯುತ್ತದೆ, ಮೂರು ದಿನ ಹಿಂಡಿ ಚೆಲ್ಲು' ಎಂಬ ಸಲಹೆ ಮನೆಯಿಂದ ಮನೆಗೆ ಹೇಗೆ ಹಬ್ಬಿತೋ ದೇವರೇ ಬಲ್ಲ. ನಮ್ಮ ವಲಯದ ಒಂದು ಮನೆಯಲ್ಲಿ ನಾಲ್ಕು ತಿಂಗಳ ಕೂಸಿಗೆ ಬಾಟಲಿಯಲ್ಲಿ ನೀರು ಬೆರೆಸಿದ ಹಸುವಿನ ಹಾಲು ಕೊಟ್ಟರು. ಕೂಸಿಗೆ ಭೇದಿ, ತಾಯಿಗೆ ಎದೆ ಕಟ್ಟಿಕೊಂಡು ಜ್ವರ. ಜ್ವರಕ್ಕೂ ಭೇದಿಗೂ ಲಸಿಕೆಯೇ ಕಾರಣವೆಂದು ಮನೆಯವರು ತೀರ್ಮಾನಿಸಿದರು. ನಿಜವಾಗಿ ಹಾಲಿಗೆ ಇಳಿಯುವುದು ರೋಗವಲ್ಲ, ರೋಗವನ್ನು ತಡೆಯುವ ಪ್ರತಿಕಾಯಗಳು. ಲಸಿಕೆ ಹಾಕಿಸಿಕೊಂಡ ತಾಯಂದಿರ ಎದೆಹಾಲಿನಲ್ಲಿ ಕೊರೋನಾ ವಿರುದ್ಧದ ಪ್ರತಿಕಾಯಗಳಿದ್ದುದನ್ನು ಹಲವು ದೇಶಗಳ ಸಂಶೋಧಕರು ಕಂಡಿದ್ದಾರೆ. ಹಾಲನ್ನು ಒಂದು ಹೊತ್ತಿಗೂ ನಿಲ್ಲಿಸಬೇಕಿಲ್ಲವೆಂದು ಸರ್ಕಾರವೂ ಅಂದೇ ಸ್ಪಷ್ಟವಾಗಿ ತಿಳಿಸಿತ್ತು. ಆ ಮಾತು ಅಡುಗೆಮನೆಯವರೆಗೆ ಬರಲಿಲ್ಲ, ಅಷ್ಟೆ.

ಆ ಮಹಾಮಾರಿಯ ಕಾಲ ಮುಗಿಯಿತು. ಆದರೆ ಅದು ಬಿಟ್ಟುಹೋದ ಅನುಮಾನ ಈಗ ಹಳೆಯ, ಚಿರಪರಿಚಿತ ಚುಚ್ಚುಮದ್ದಿನ ಮೇಲೂ ಬಿದ್ದಿದೆ. ನಮ್ಮ ತಾಯಂದಿರು 'ಟಿ.ಟಿ.' ಎಂದು ಕರೆಯುತ್ತಿದ್ದ ಧನುರ್ವಾಯು ಲಸಿಕೆಯ ಮಾತಿದು. ಈಗ ಅದರ ಬದಲು ಗಂಟಲಮಾರಿಯನ್ನೂ ತಡೆಯುವ 'ಟಿ.ಡಿ.' ಲಸಿಕೆ ಬಂದಿದೆ. ಬಸುರಿಯೆಂದು ತಿಳಿದ ಕೂಡಲೇ ಒಂದು, ನಾಲ್ಕು ವಾರದ ಬಳಿಕ ಇನ್ನೊಂದು. 'ಇದೂ ಬೇಕೇ?' ಎಂದು ಕೇಳುವ ಎಳೆಯ ತಾಯಂದಿರಿಗೆ ನಾನು ಒಂದು ಪ್ರಶ್ನೆ ಕೇಳುವುದುಂಟು: ಧನುರ್ವಾಯು ತಗಲಿದ ಹಸುಗೂಸನ್ನು ನೋಡಿದ್ದೀರಾ? ಯಾರೂ ನೋಡಿಲ್ಲ. ನೋಡದಿರಲು ಕಾರಣವೇ ಆ ಚುಚ್ಚುಮದ್ದು.

ಹಿಂದೆ ಸೂಲಗಿತ್ತಿ ಸಿಕ್ಕಿದ ಕುಡುಗೋಲಿನಿಂದಲೋ ಬ್ಲೇಡಿನಿಂದಲೋ ಹೊಕ್ಕುಳಬಳ್ಳಿ ಕೊಯ್ದು, ಕೆಲವೆಡೆ ಅದರ ಮೇಲೆ ಸಗಣಿಯನ್ನೋ ಬೂದಿಯನ್ನೋ ಮೆತ್ತುವ ಪದ್ಧತಿಯಿತ್ತು. ಮಣ್ಣು ಸಗಣಿಗಳಲ್ಲಿರುವ ಧನುರ್ವಾಯುವಿನ ಕ್ರಿಮಿ ಆ ಗಾಯದಿಂದ ಒಳಹೊಗುತ್ತದೆ. ಹುಟ್ಟಿದ ಎರಡು ದಿನ ಚೆನ್ನಾಗಿಯೇ ಹಾಲು ಕುಡಿದ ಮಗು ಆಮೇಲೆ ಬಾಯಿ ತೆರೆಯಲಾರದು. ಸಣ್ಣ ಸದ್ದಿಗೂ ಬೆಚ್ಚಿ ಮೈ ಬಿಲ್ಲಿನಂತೆ ಬಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 1988ರಲ್ಲಿ ಜಗತ್ತಿನಲ್ಲಿ ಸುಮಾರು 7,87,000 ನವಜಾತ ಶಿಶುಗಳು ಹೀಗೆ ಸತ್ತವು. 2018ರಲ್ಲಿ ಆ ಸಂಖ್ಯೆ 25,000. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆಯೆಂಬ ದೃಢೀಕರಣ 2015ರಲ್ಲಿ ದೊರೆಯಿತು. ಹೆರಿಗೆ ಆಸ್ಪತ್ರೆಗೆ ಬಂದದ್ದು ಒಂದು ಕಾರಣವಾದರೆ ತಾಯಿಯ ತೋಳಿಗೆ ಚುಚ್ಚಿದ ಆ ಸೂಜಿ ಇನ್ನೊಂದು. ಆಕೆಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ಹರಿದು, ಹುಟ್ಟಿದ ಮೊದಲ ವಾರಗಳಲ್ಲಿ ಕಾಯುತ್ತವೆ. ಇಂತಹ ವ್ಯವಸ್ಥೆಯನ್ನು ದೇವರು ತಾಯಿಯ ದೇಹದಲ್ಲಿಯೇ ಇಟ್ಟಿರುವುದನ್ನು ನೆನೆದಾಗ ನನಗೆ ಇಂದಿಗೂ ಬೆರಗಾಗುತ್ತದೆ.

ಈ ಲಸಿಕೆಯ ಮೇಲೂ ಅಪವಾದ ಬಂದಿತು, ಅದೂ ನಮ್ಮ ಧರ್ಮಸಭೆಯ ಒಳಗಿನಿಂದ. ಇದನ್ನು ಮರೆಮಾಚುವುದು ಸರಿಯಲ್ಲ. 2014ರಲ್ಲಿ ಕೀನ್ಯಾ ದೇಶದಲ್ಲಿ ಹೆರುವ ವಯಸ್ಸಿನ ಸ್ತ್ರೀಯರಿಗೆ ಧನುರ್ವಾಯು ಲಸಿಕೆ ಹಾಕುವಾಗ, ಅದರಲ್ಲಿ ಬಂಜೆತನ ತರುವ ಹಾರ್ಮೋನು ಬೆರೆತಿದೆಯೆಂದು ಅಲ್ಲಿಯ ಕಥೋಲಿಕ ಧರ್ಮಾಧ್ಯಕ್ಷರು ಆರೋಪಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅದನ್ನು ಅಲ್ಲಗಳೆದವು. ಇಂತಹ ಸುದ್ದಿ ಎಲ್ಲಿಂದ ಹುಟ್ಟುತ್ತದೆ? ಅದಕ್ಕೂ ಒಂದು ಎಳೆಯಿದೆ. ಗರ್ಭ ನಿಲ್ಲಲು ಬೇಕಾದ ಹಾರ್ಮೋನಿನ ವಿರುದ್ಧ ಗರ್ಭನಿರೋಧಕ ಲಸಿಕೆಯೊಂದನ್ನು ಮಾಡುವ ಸಂಶೋಧನೆ ನಮ್ಮ ದಿಲ್ಲಿಯಲ್ಲಿಯೇ ಡಾ. ಜಿ. ಪಿ. ತಲ್ವಾರ್ ಅವರ ನೇತೃತ್ವದಲ್ಲಿ ನಡೆಯಿತು. ಅದರಲ್ಲಿ ಹಾರ್ಮೋನನ್ನು ಧನುರ್ವಾಯುವಿನ ಟಾಕ್ಸಾಯ್ಡ್ ಎಂಬ ವಸ್ತುವಿಗೆ ಜೋಡಿಸಿದ್ದರು. ಪ್ರಯೋಗಕ್ಕೆ ಒಪ್ಪಿಬಂದ ಸ್ತ್ರೀಯರಿಗೆ ಕೊಟ್ಟ ಆ ಮದ್ದೇ ಬೇರೆ, ಆರೋಗ್ಯ ಕೇಂದ್ರದ ಟಿ.ಟಿ.ಯೇ ಬೇರೆ. ಆದರೆ ಗಾಳಿಮಾತಿಗೆ ಅಷ್ಟು ಎಳೆ ಸಾಕು. ನಮ್ಮ ದೇಶದಲ್ಲಂತೂ 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಗುರಿ ಮುಟ್ಟಲೆಂದು ಬಡವರನ್ನು ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ನೆನಪು ಹಿರಿಯರಲ್ಲಿ ಇನ್ನೂ ಹಸಿಯಾಗಿದೆ. ಸರ್ಕಾರದ ಸೂಜಿ ಕಂಡರೆ ಅವರಿಗೆ ಆ ದಿನಗಳು ನೆನಪಾದರೆ ನಗುವಂತಹದ್ದೇನಿದೆ?

ಕಥೋಲಿಕ ತಾಯಂದಿರ ಮನಸ್ಸಿನಲ್ಲಿ ಇನ್ನೊಂದು ಅಳುಕೂ ಇದೆ. ಇದನ್ನು ಅವರು ವೈದ್ಯರ ಮುಂದೆ ಹೇಳುವುದಿಲ್ಲ, ಗುರುಗಳ ಬಳಿ ಪಿಸುದನಿಯಲ್ಲಿ ಕೇಳುತ್ತಾರೆ: ಗರ್ಭಪಾತವಾದ ಶಿಶುವಿನ ಜೀವಕೋಶಗಳಿಂದ ಲಸಿಕೆ ಮಾಡುತ್ತಾರಂತೆ, ಹೌದೇ? ತನ್ನೊಳಗೊಂದು ಜೀವವನ್ನು ಹೊತ್ತವಳಿಗೆ ಈ ಪ್ರಶ್ನೆ ಎಷ್ಟು ಭಾರವೆಂಬುದನ್ನು ಊಹಿಸಿ. ಉತ್ತರವನ್ನು ಪೂರ್ತಿಯಾಗಿಯೇ ಹೇಳಬೇಕು. ಕೋವಿಶೀಲ್ಡ್ ತಯಾರಿಕೆಯಲ್ಲಿ ಬಳಸಿದ ಕೋಶಗಳ ಮೂಲ 1970ರ ದಶಕದ ನೆದರ್‌ಲ್ಯಾಂಡ್ಸ್‌ನ ಒಂದು ಭ್ರೂಣದಲ್ಲಿತ್ತು. ಅಂದಿನಿಂದ ಪ್ರಯೋಗಶಾಲೆಯಲ್ಲಿ ಬೆಳೆಸುತ್ತ ಬಂದ ಕೋಶಗಳವು. ಹೊಸ ಗರ್ಭಪಾತವೇನೂ ಅದಕ್ಕೆ ಬೇಕಿಲ್ಲ. ಕೋವ್ಯಾಕ್ಸಿನ್ನಿನಲ್ಲಿ ಅಂತಹ ಕೋಶಗಳಿರಲಿಲ್ಲ. 2020ರ ಡಿಸೆಂಬರ್ 21ರಂದು ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ಮಂಡಳಿಯು, ಬೇರೆ ನಿರ್ದೋಷಿ ಲಸಿಕೆ ದೊರೆಯದಾಗ ಇಂತಹ ಲಸಿಕೆಯನ್ನು ಪಡೆಯುವುದು ನೈತಿಕವಾಗಿ ಸಮ್ಮತವೆಂದೂ, ಅದು ಗರ್ಭಪಾತಕ್ಕೆ ಕೊಟ್ಟ ಒಪ್ಪಿಗೆಯಾಗುವುದಿಲ್ಲವೆಂದೂ, ಲಸಿಕೆ ಸ್ವಇಚ್ಛೆಯದಾಗಿರಬೇಕೆಂದೂ ತಿಳಿಸಿತು. 2021ರ ಆಗಸ್ಟ್‌ನಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸ್‌ರವರು ಲಸಿಕೆ ಪಡೆಯುವುದನ್ನು ಪ್ರೀತಿಯ ಕಾರ್ಯವೆಂದು ಕರೆದರು. ಟಿ.ಡಿ. ಲಸಿಕೆಗೂ ಈ ಪ್ರಶ್ನೆಗೂ ಸಂಬಂಧವೇ ಇಲ್ಲ. ಅದು ಕ್ರಿಮಿಯ ವಿಷವನ್ನು ನಿರ್ವಿಷಗೊಳಿಸಿ ಮಾಡಿದ ಮದ್ದು.

ಬಸುರಿಗೆ ಯಾರ ಮಾತು ಹಿಡಿಸುತ್ತದೆ? ಲೂಕನ ಶುಭಸಂದೇಶದಲ್ಲಿ ದೇವದೂತನ ಮಾತು ಕೇಳಿದ ಮರಿಯಳು ಅವಸರದಿಂದ ಹೊರಟದ್ದು ಯಾಜಕರ ಬಳಿಗಲ್ಲ, ಆರು ತಿಂಗಳು ತುಂಬಿದ್ದ ಎಲಿಜಬೇತಳ ಮನೆಗೆ. ಅಲ್ಲಿ ಸುಮಾರು ಮೂರು ತಿಂಗಳಿದ್ದಳು. ಆ ಇಬ್ಬರು ಬಸುರಿಯರು ಅಡುಗೆಮನೆಯಲ್ಲಿ ಏನೇನು ಮಾತನಾಡಿಕೊಂಡರೆಂದು ಲೂಕನು ಬರೆದಿಲ್ಲ. ಗಂಡಸಾದ ಅವನಿಗೆ ಯಾರು ಹೇಳಬೇಕು?

ನಮ್ಮ ನಾಡಿನ ಅರಸರ ಮನೆಯಲ್ಲೂ ಇಂತಹದೇ ಒಂದು ಸಂಗತಿ ನಡೆದಿದೆ. 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಐರಿಷ್ ಕಲಾವಿದ ಮೈಸೂರಿನಲ್ಲಿ ಮೂವರು ಮಹಿಳೆಯರ ಚಿತ್ರ ಬರೆದನು. ಬಹುಕಾಲ ಅವರನ್ನು ನರ್ತಕಿಯರೆಂದು ಭಾವಿಸಿದ್ದರು. ಅವರು ಒಡೆಯರ ಮನೆತನದ ರಾಣಿಯರೆಂದೂ, ಆಗ ಹೊಸದಾಗಿ ಬಂದಿದ್ದ ಸಿಡುಬಿನ ಲಸಿಕೆಯನ್ನು ಜನರಲ್ಲಿ ಪ್ರಚಾರ ಮಾಡಲು ಈ ಚಿತ್ರ ಬರೆಸಿದರೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿ ಸೆರಗು ಸರಿಸಿ, ಲಸಿಕೆ ಹಾಕಿಸಿಕೊಂಡ ಎಡತೋಳಿನ ಜಾಗವನ್ನು ಬಲಗೈಯಿಂದ ತೋರುತ್ತಿದ್ದಾಳೆ. ನಡುವೆ ನಿಂತವರು ಅರಸರ ಅಜ್ಜಿ ಲಕ್ಷ್ಮಮ್ಮಣ್ಣಿಯವರು ಎಂಬುದು ಅವರ ನಿಲುವು. ನನಗೆ ಹಿಡಿಸಿದ್ದು ಆ ಅಜ್ಜಿ ಅಲ್ಲಿ ನಿಂತಿರುವುದು. ಮನೆಯ ಹಿರಿಯಳು ಜೊತೆಗಿರದಿದ್ದರೆ ಆ ಎಳೆಯ ವಧು ತೋಳು ಚಾಚುತ್ತಿದ್ದಳೇ?

ಆದ್ದರಿಂದ ಅತ್ತೆಯಂದಿರೇ, ತವರಿನ ಅಮ್ಮಂದಿರೇ, ಈ ಲೇಖನ ಸೊಸೆಗಿಂತ ಹೆಚ್ಚಾಗಿ ನಿಮಗಾಗಿ. ನಿಮ್ಮಲ್ಲಿ ಹಲವರ ತೋಳಿನ ಮೇಲೆ 'ಮೈಲಿ' ಹಾಕಿದ ದುಂಡನೆಯ ಗುರುತು ಇನ್ನೂ ಇದೆ. ನಿಮ್ಮ ತಾಯಿ ನಿಮ್ಮನ್ನು ಸೊಂಟದಲ್ಲಿಟ್ಟುಕೊಂಡು ಹೋಗಿ ಹಾಕಿಸಿದ್ದು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ನಿಮ್ಮ ಸೊಸೆಯ ತೋಳಿನಲ್ಲಿ ಆ ಗುರುತಿಲ್ಲದಿರುವುದಕ್ಕೆ ಅದೇ ಕಾರಣ. ಅದನ್ನು ಅವಳಿಗೆ ತೋರಿಸಿ.

ಎಲ್ಲ ಲಸಿಕೆಯೂ ಬಸುರಿಗೆ ಸಲ್ಲುತ್ತದೆಂದು ಮಾತ್ರ ಹೇಳಬೇಡಿ, ಅದು ಸುಳ್ಳು. ದಡಾರ ಮತ್ತು ರುಬೆಲ್ಲಾ ಲಸಿಕೆಯಂತೆ ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ಮಾಡಿದವುಗಳನ್ನು ಗರ್ಭಿಣಿಗೆ ಕೊಡುವುದಿಲ್ಲ. ಆದರೆ ಗರ್ಭದ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗಲಿದರೆ ಮಗು ಕಿವುಡಾಗಿಯೋ, ಕಣ್ಣಿನ ಪೊರೆಯೊಡನೆಯೋ, ಹೃದಯದ ದೋಷದೊಡನೆಯೋ ಹುಟ್ಟಬಹುದು. ಆಕೆಯನ್ನು ಕಾಯಬೇಕಾದರೆ ಪಕ್ಕದ ಮನೆಯ ಮಕ್ಕಳಿಗೆ ಲಸಿಕೆಯಾಗಿರಬೇಕು. 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ಆ ಲಸಿಕೆ ಹಾಕುವಾಗ ಎಷ್ಟೋ ತಂದೆತಾಯಿಯರು ಮಕ್ಕಳನ್ನು ಅಂದು ಮನೆಯಲ್ಲಿರಿಸಿಕೊಂಡರು. ಅದು ಯಾವುದೋ ಬಸುರಿಯ ಮಗುವಿಗೂ ಸಂಬಂಧಿಸಿದ ವಿಷಯವೆಂದು ಅವರಿಗೆ ತಿಳಿಸಿದವರು ಕಡಿಮೆ.

ನಾಯಿಕೆಮ್ಮನ್ನೂ ತಡೆಯುವ ಇನ್ನೊಂದು ಚುಚ್ಚುಮದ್ದನ್ನು ಏಳನೆಯ ತಿಂಗಳಿನಿಂದ ಒಂಬತ್ತನೆಯ ತಿಂಗಳಿನೊಳಗೆ ಹಾಕಿಸಿಕೊಳ್ಳಲು ಖಾಸಗಿ ಆಸ್ಪತ್ರೆಗಳ ವೈದ್ಯರು ಸಲಹೆ ಮಾಡುತ್ತಾರೆ. ಎರಡು ತಿಂಗಳೊಳಗಿನ ಕೂಸಿಗೆ ನಾಯಿಕೆಮ್ಮು ಬಹಳ ಅಪಾಯಕಾರಿ. ಹುಟ್ಟಿದ ಮೊದಲ ಆರು ವಾರಗಳಲ್ಲಿ ಅದಕ್ಕೆ ತನ್ನದೇ ಲಸಿಕೆ ಕೊಡಲಾಗದು. ಸರ್ಕಾರದ ಉಚಿತ ಪಟ್ಟಿಯಲ್ಲಿ ಇದಿಲ್ಲ, ಹಣ ಕೊಟ್ಟು ಕೊಳ್ಳಬೇಕು. ಹೀಗಾಗಿ ಅಪಾರ್ಟ್‌ಮೆಂಟಿನ ಕೂಸಿಗೆ ದೊರೆಯುವ ರಕ್ಷಣೆ ವಠಾರದ ಕೂಸಿಗಿಲ್ಲ. ಇದನ್ನು ಕುರಿತು ನಮ್ಮ ಧರ್ಮಕೇಂದ್ರಗಳ ಸಮಾಜಸೇವಾ ಕೂಟಗಳು ಯೋಚಿಸಬಹುದು.

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರ ವಿಶೇಷ ತಪಾಸಣೆಯಿರುತ್ತದೆ. ಆ ದಿನ ವೈದ್ಯರು ಸಿಗುತ್ತಾರೆ, ಆದರೆ ಸಾಲು ಉದ್ದ. ಮಾತಿಗೆ ದೊರೆಯುವುದು ಎರಡು ನಿಮಿಷ. ಹಿಂದಿನ ರಾತ್ರಿ ಜಪಸರ ಮುಗಿದ ಮೇಲೆ ಮನೆಮಂದಿಯೆಲ್ಲ ಕೂತು ಅವಳ ಸಂದೇಹಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಯಾವ ಪ್ರಶ್ನೆಯನ್ನೂ ಇದು ದಡ್ಡತನದ್ದೆಂದು ತೆಗೆದುಹಾಕಬೇಡಿ. ಆಕೆಯ ಗಂಡ ಒಂದು ದಿನ ಕೆಲಸಕ್ಕೆ ರಜೆ ಹಾಕಿ ಆ ಚೀಟಿಯೊಡನೆ ಜೊತೆಗೆ ಹೋಗಲಿ.